ಕುದುರೆಗಿಂತ ಮೊದಲು ಹುಲ್ಲು: ಫ್ರಾನ್ಸಿನ ಹಳ್ಳಿಯಲ್ಲಿ ಹತ್ತು ವರ್ಷ

ತುಲೂಸ್ ಮತ್ತು ಅದರ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಚಳಿಗಾಲದ ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪವಿದು. ಅಂದು ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಈಗ ಸೇರಿಸಿದ್ದೇನೆ.

ಸ್ನೇಹಿತರೇ,

ಫ್ರಾನ್ಸಿನ ಹಳ್ಳಿಯಲ್ಲಿ ಕುದುರೆ ಸಾಕುವ ಸುಖದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದ್ದೀರಿ. ಸುಖದ ಮಾತಿಗೆ ಖಂಡಿತ ಬರುತ್ತೇನೆ. ಆದರೆ ಅದಕ್ಕೆ ಮೊದಲು ಹುಲ್ಲಿನ ಬಗ್ಗೆ ಸಾಕಷ್ಟು ಹೇಳಬೇಕಾಗಿದೆ, ಏಕೆಂದರೆ ಈ ಹತ್ತು ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಕುದುರೆಯ ಬೆನ್ನ ಮೇಲೆ ಕುಳಿತು ಕಲಿತದ್ದಲ್ಲ, ಹುಲ್ಲುಗಾವಲಿನಲ್ಲಿ ಬಗ್ಗಿ ನಿಂತು ಕಲಿತದ್ದು. ಕುದುರೆಯನ್ನು ಹಣ ಕೊಟ್ಟು ಎಲ್ಲಿಂದಲಾದರೂ ತರಬಹುದು. ಹುಲ್ಲು ಮಾತ್ರ ಆಯಾ ಊರಿನದು, ಅದನ್ನು ಬಲ್ಲವರು ಆ ಊರಿನವರೇ. ಹೊರಗಿನಿಂದ ಬಂದವರು ಕುದುರೆ ಸಾಕಬೇಕೆಂದರೆ ಮೊದಲು ಆ ಹುಲ್ಲಿಗೂ ಅದನ್ನು ಬಲ್ಲ ನೆರೆಯವರಿಗೂ ಶಿಷ್ಯರಾಗಬೇಕು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ಲಿನ ಹತ್ತಿರ. ಟಿಪ್ಪುವಿನ ಅಶ್ವಪಡೆಗೆ ಕುದುರೆ ಬೆಳೆಸಿದ ಆ ಫಾರಂ ನಮ್ಮ ಬಾಲ್ಯದಲ್ಲಿ ಪಂದ್ಯದ ಕುದುರೆಗಳ ಜಾಗವಾಗಿತ್ತು, ನಮ್ಮಂಥವರಿಗೆ ಅದರ ಬೇಲಿಯ ಆಚೆಗೆ ಪ್ರವೇಶವಿರಲಿಲ್ಲ. ಬಸ್ಸಿನ ಕಿಟಕಿಯಿಂದ ಕಂಡ ತಾಯಿ ಕುದುರೆಗಳು ಮತ್ತು ಅವುಗಳ ಪಕ್ಕಕ್ಕೆ ಅಂಟಿಕೊಂಡು ಓಡುವ ಮರಿಗಳು ನನ್ನ ಮನಸ್ಸಿನಿಂದ ಎಂದೂ ಅಳಿಸಿಹೋಗಲಿಲ್ಲ. ನಿಮ್ಮಲ್ಲಿ ಅನೇಕರಂತೆ ನಾನೂ ಬೆಂಗಳೂರಿನಿಂದ ವಿಮಾನ ಉದ್ಯಮದ ಕೆಲಸದ ಮೇಲೆ ಈ ಊರಿಗೆ ಬಂದವಳು. 2014ರಲ್ಲಿ ನಾನು ಮತ್ತು ನನ್ನ ಪತಿ ಇಲ್ಲಿಂದ ಉತ್ತರಕ್ಕೆ, ಬ್ರೀವ್ ಪಟ್ಟಣದ ಆಚೆ, ಕೊರೇಜ್ ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಎರಡೂವರೆ ಹೆಕ್ಟೇರ್ ನೆಲದೊಂದಿಗೆ ಕೊಂಡುಕೊಂಡೆವು. ನಮ್ಮ ಲೆಕ್ಕದಲ್ಲಿ ಅದು ಆರು ಎಕರೆಗಿಂತ ತುಸು ಹೆಚ್ಚು. ಒಂದು ಕುದುರೆಗೆ ಒಂದು ಹೆಕ್ಟೇರ್ ಎಂಬುದು ಇಲ್ಲಿನ ರೂಢಿಯ ಲೆಕ್ಕವಾದ್ದರಿಂದ ಎರಡು ಕುದುರೆಗಳಿಗೆ ಧಾರಾಳವಾಯಿತು ಎಂದುಕೊಂಡೆವು. ಎರಡೇ ಏಕೆ ಎಂದರೆ, ಕುದುರೆ ಹಿಂಡಿನ ಪ್ರಾಣಿ. ಒಂಟಿ ಕುದುರೆಯನ್ನು ಸಾಕುವುದು ಅದಕ್ಕೆ ಮಾಡುವ ಅನ್ಯಾಯ. ಒಂದನ್ನು ಮಾತ್ರ ಸಾಕಲು ಶಕ್ತಿಯಿರುವವರು ಕುದುರೆಯನ್ನೇ ಸಾಕಬಾರದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ನಮ್ಮ ಮನೆಯಿಂದ ಒಂದು ದಿನದ ಸವಾರಿಯ ದೂರದಲ್ಲಿ ಪೊಂಪಾದೂರ್ ಇದೆ. 15ನೆಯ ಲೂಯಿ ಅಲ್ಲಿನ ಕೋಟೆಯನ್ನು 1745ರಲ್ಲಿ ತನ್ನ ಪ್ರಿಯತಮೆಗೆ ಕೊಟ್ಟ ಮೇಲೆ ಆಕೆಗೆ ಆ ಊರಿನ ಹೆಸರೇ ನಿಂತುಹೋಯಿತು. 1761ರಲ್ಲಿ ಅದೇ ಸ್ಥಳದಲ್ಲಿ ಅರಸೊತ್ತಿಗೆಯ ಅಶ್ವಶಾಲೆ ಆರಂಭವಾಯಿತು. ಮಸೂದ್ ಎಂಬ ಅರಬ್ಬೀ ಗಂಡುಕುದುರೆ, ಅಸ್ಲಾನ್ ಎಂಬ ತುರ್ಕಿ ಗಂಡುಕುದುರೆ ಮತ್ತು ಇಂಗ್ಲೆಂಡಿನಿಂದ ತಂದ ಮೂರು ಥರೋಬ್ರೆಡ್ ಹೆಣ್ಣುಕುದುರೆಗಳ ಸಂತತಿಯಿಂದ 19ನೆಯ ಶತಮಾನದಲ್ಲಿ ಆಂಗ್ಲೋ-ಅರಬ್ ಎಂಬ ತಳಿಯನ್ನು ರೂಪಿಸಿದ್ದು ಇಲ್ಲಿಯೇ. ಕೋಟೆಯ ಎದುರಿಗೇ ಪಂದ್ಯದ ಮೈದಾನವಿದೆ, ಊರಿನ ಬೀದಿಗಳಲ್ಲಿ ಇಂದಿಗೂ ಕುದುರೆಗಳು ನಡೆದುಹೋಗುತ್ತವೆ. ನಾನು ಮೊದಲು ಕೊಂಡದ್ದು ಆ ಕಡೆಯ ಹದಿನೈದು ವರ್ಷದ ಒಂದು ಆಂಗ್ಲೋ-ಅರಬ್ ಹೆಣ್ಣುಕುದುರೆಯನ್ನು. ಅವಳ ಹೆಸರು ಲೂನಾ. ಫ್ರಾನ್ಸಿನಲ್ಲಿ ಮರಿ ಹುಟ್ಟಿದ ವರ್ಷಕ್ಕೆ ಒಂದು ಅಕ್ಷರ ನಿಗದಿಯಾಗಿರುತ್ತದೆ, ನೋಂದಣಿಯಾಗುವ ಹೆಸರು ಆ ಅಕ್ಷರದಿಂದಲೇ ಆರಂಭವಾಗಬೇಕು. 1999ರ ಮರಿಗಳಿಗೆ ಎಲ್, 2012ರ ಮರಿಗಳಿಗೆ ಸಿ. ಎರಡನೆಯವಳು 2012ರಲ್ಲಿ ಹುಟ್ಟಿದ ಕಪುಸಿನ್. ಅವಳು ಆರಿಯೇಜ್ ಜಿಲ್ಲೆಯ ಪಿರೆನೀಸ್ ಬೆಟ್ಟಗಳ ಮೆರೆನ್ಸ್ ತಳಿಯವಳು, ಮೈಯೆಲ್ಲ ಅಪ್ಪಟ ಕಪ್ಪು. ಇಲ್ಲಿನವರು ಹೆಸರು ಕೇಳಿದ ಕೂಡಲೇ ವಯಸ್ಸನ್ನು ಲೆಕ್ಕ ಹಾಕಿಬಿಡುತ್ತಾರೆ, ನನಗೂ ಈಗ ಅದು ಅಭ್ಯಾಸವಾಗಿದೆ.

ಈಗ 2017ರ ಏಪ್ರಿಲ್ ತಿಂಗಳ ಒಂದು ಬೆಳಗಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಎಂದಿನಂತೆ ಬೇಲಿಯ ಬಳಿ ಹೋಗಿ ಕರೆದರೆ ಲೂನಾ ಬಂದಳು, ಕಪುಸಿನ್ ಬರಲಿಲ್ಲ. ಅವಳು ಮುಂಗಾಲುಗಳೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹೇರಿಕೊಂಡು, ಕೆಂಡದ ಮೇಲೆ ನಿಂತವಳಂತೆ ನಿಂತಿದ್ದಳು. ಹೆಜ್ಜೆ ಇಡಿಸಲು ನೋಡಿದರೆ ಮೊಟ್ಟೆಯ ಮೇಲೆ ನಡೆದ ಹಾಗೆ ಒಂದೆರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಗೊರಸನ್ನು ಮುಟ್ಟಿದೆ, ಬಿಸಿಯಾಗಿತ್ತು. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದಲ್ಲಿ ಬೆರಳಿಟ್ಟರೆ ಆರೋಗ್ಯವಂತ ಕುದುರೆಯಲ್ಲಿ ಹುಡುಕಿದರೂ ಸಿಗದ ನಾಡಿ ಸುತ್ತಿಗೆಯಂತೆ ಬಡಿಯುತ್ತಿತ್ತು. ಆ ಖಾಯಿಲೆಗೆ ಇಲ್ಲಿ ಫೂರ್ಬ್ಯೂರ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಲ್ಯಾಮಿನೈಟಿಸ್. ಗೊರಸಿನ ಗಟ್ಟಿ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಟ್ಟಿರುವ ಪದರಗಳಲ್ಲಿ ಉರಿಯೂತ ಉಂಟಾಗಿ, ಕೈಮೀರಿದರೆ ಎಲುಬೇ ಕೆಳಕ್ಕೆ ಸರಿದುಬಿಡುತ್ತದೆ. ನಡೆಯುವುದಕ್ಕಾಗಿಯೇ ಹುಟ್ಟಿದ ಪ್ರಾಣಿಗೆ ಇದಕ್ಕಿಂತ ದೊಡ್ಡ ನೋವು ಇರಲಾರದು.

ಕಾರಣ ನಮ್ಮ ಹೊಲದ ಹುಲ್ಲು. ನಾವು ಕೊಂಡುಕೊಂಡಿದ್ದ ನೆಲದಲ್ಲಿ ಹಿಂದಿನ ಮಾಲೀಕರು ಲಿಮೂಜ್ಯಾಂ ತಳಿಯ ಕೆಂಪು ದನಗಳನ್ನು ಮೇಯಿಸುತ್ತಿದ್ದರು. ದನದ ಮೈ ತುಂಬಲೆಂದು ರೈಗ್ರಾಸ್ ಮತ್ತು ಕ್ಲೋವರ್ ಬಿತ್ತಿ, ಗೊಬ್ಬರ ಹಾಕಿ ಬೆಳೆಸಿದ ಕೊಬ್ಬಿದ ಹುಲ್ಲು ಅದು. ವಸಂತದಲ್ಲಿ ರಾತ್ರಿ ಹಿಮ ಬಿದ್ದು ಹಗಲು ಬಿಸಿಲು ಕಾಯ್ದರೆ ಹುಲ್ಲು ತಾನು ತಯಾರಿಸಿಕೊಂಡ ಸಕ್ಕರೆಯನ್ನು ಬೆಳವಣಿಗೆಗೆ ಬಳಸಲಾಗದೆ ಕಾಂಡದಲ್ಲೇ ಕೂಡಿಟ್ಟುಕೊಳ್ಳುತ್ತದೆ. ನೋಡುವವರಿಗೆ ಹಸಿರು, ತಿನ್ನುವವರಿಗೆ ಸಿಹಿತಿಂಡಿ. ಮೆರೆನ್ಸ್ ಕುದುರೆಯಾದರೋ ಬೆಟ್ಟದ ಬಡ ಹುಲ್ಲಿನಲ್ಲಿ ಬದುಕಲು ಶತಮಾನಗಳಿಂದ ಒಗ್ಗಿಕೊಂಡ ತಳಿ, ಸಿಕ್ಕಿದ್ದನ್ನೆಲ್ಲ ಕೊಬ್ಬಾಗಿ ಉಳಿಸಿಕೊಳ್ಳುವುದು ಅದರ ಸ್ವಭಾವ. ಅವಳ ಕತ್ತಿನ ಮೇಲೆ ಕೊಬ್ಬು ಗಟ್ಟಿಯಾಗಿ ಏರುತ್ತಿದ್ದುದನ್ನು ನಾನು ಆರೋಗ್ಯದ ಲಕ್ಷಣವೆಂದೇ ತಿಳಿದು ಸಂತೋಷಪಟ್ಟಿದ್ದೆ. ಮೈತುಂಬಿಕೊಂಡ ದನವನ್ನು ಹೊಗಳುವ ನಾಡಿನಿಂದ ಬಂದವಳು ನಾನು, ಬಡಕಲು ಹುಲ್ಲೇ ಕುದುರೆಗೆ ಔಷಧ ಎಂದು ನನಗೆ ಹೇಳಿಕೊಟ್ಟವರಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಪಶುವೈದ್ಯರು ಬಂದವರೇ ಕುದುರೆಯನ್ನು ನೋಡಿ, ಔಷಧದ ಪೆಟ್ಟಿಗೆ ತೆರೆಯುವ ಮೊದಲು ಅವಳ ಗುರುತಿನ ಪುಸ್ತಕವನ್ನು ಕೇಳಿದರು. ಇಲ್ಲಿ ಪ್ರತಿಯೊಂದು ಕುದುರೆಗೂ, ಕತ್ತೆಗೂ, ಕತ್ತಿನಲ್ಲಿ ಮೈಕ್ರೋಚಿಪ್ ಇರಬೇಕು, ಪಾಸ್‌ಪೋರ್ಟಿನಂತಹ ಪುಸ್ತಕವಿರಬೇಕು. ಅದರಲ್ಲಿ ಒಂದು ಪುಟವಿದೆ. ಈ ಪ್ರಾಣಿಯನ್ನು ಮನುಷ್ಯರ ಆಹಾರಕ್ಕಾಗಿ ಕಡಿಯಬಹುದೇ ಇಲ್ಲವೇ ಎಂದು ಮಾಲೀಕರು ಅಲ್ಲಿ ಘೋಷಿಸಬೇಕು. ನೋವು ಮತ್ತು ಊತಕ್ಕೆ ಕೊಡುವ ಫಿನೈಲ್‌ಬ್ಯುಟಜೋನ್ ಔಷಧವನ್ನು ಒಮ್ಮೆ ಕೊಟ್ಟರೆ ಆ ಕುದುರೆಯ ಮಾಂಸ ಎಂದೆಂದಿಗೂ ಮಾರಾಟಕ್ಕೆ ಸಲ್ಲದು, ಆದ್ದರಿಂದ ವೈದ್ಯರು ಮೊದಲು ಆ ಪುಟವನ್ನು ನೋಡಲೇಬೇಕು. ಕಪುಸಿನ್‌ಳನ್ನು ನನಗೆ ಮಾರಿದ ಬೆಟ್ಟದ ರೈತರು ಆ ಪುಟವನ್ನು ಖಾಲಿ ಬಿಟ್ಟಿದ್ದರು, ನಾನು ಮೂರು ವರ್ಷ ಅದನ್ನು ತೆರೆದು ನೋಡಿರಲಿಲ್ಲ. ಲಾಯದ ಬಾಗಿಲಿಗೆ ಪುಸ್ತಕವನ್ನು ಒತ್ತಿ ಹಿಡಿದು, ಆಹಾರಕ್ಕಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ವೈದ್ಯರು ದಿನಾಂಕ ಬರೆದು ತಮ್ಮ ಮುದ್ರೆ ಒತ್ತಿದರು. ಆ ಮೇಲೆ ಸೂಜಿ. ಕುದುರೆ ನನ್ನದಾದದ್ದು ಹಣ ಕೊಟ್ಟ ದಿನವಲ್ಲ, ಆ ದಿನ ಎಂದು ನನಗೆ ಅನಿಸುತ್ತದೆ.

ಈ ಮಾಂಸದ ವಿಚಾರ ನಿಮ್ಮಲ್ಲಿ ಕೆಲವರಿಗೆ ಕಷ್ಟವೆನಿಸಬಹುದು, ನನಗೂ ಹಾಗೆಯೇ ಅನಿಸಿತ್ತು. ಪ್ಯಾರಿಸಿನಲ್ಲಿ ಕುದುರೆ ಮಾಂಸದ ಅಂಗಡಿಗೆ ಅನುಮತಿ ದೊರೆತದ್ದು 1866ರಲ್ಲಿ. ಈಗ ಅಂತಹ ಅಂಗಡಿಗಳು ತೀರ ಕಡಿಮೆಯಾಗಿವೆ. ಆದರೆ ಪೆರ್ಷೆರೋಂ, ಬ್ರೆತೋಂ, ಕೊಂತ್ವಾ, ಆರ್ದೆನೆ ಮೊದಲಾದ ಫ್ರಾನ್ಸಿನ ಒಂಬತ್ತು ಭಾರದ ತಳಿಗಳು ಟ್ರ್ಯಾಕ್ಟರ್ ಬಂದ ಮೇಲೆ ಅಳಿದುಹೋಗದೆ ಉಳಿದದ್ದರಲ್ಲಿ ಮಾಂಸದ ಮಾರುಕಟ್ಟೆಯ ಪಾತ್ರ ದೊಡ್ಡದು. ನನ್ನ ಕುದುರೆಗಳ ಪುಟಕ್ಕೆ ನಾನು ಸಹಿ ಹಾಕಿದ್ದೇನೆ. ಹಾಕದ ನೆರೆಯವರ ಮೇಲೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಅವರು ತಮ್ಮ ಕುದುರೆಗಳನ್ನು ನೋಡಿಕೊಳ್ಳುವ ರೀತಿಯಿಂದ ನಾನು ಕಲಿತದ್ದು ಬಹಳ.

ಕಪುಸಿನ್ ಏಳು ವಾರ ದಪ್ಪ ಮರದ ಹೊಟ್ಟಿನ ಹಾಸಿಗೆಯ ಮೇಲೆ, ನೀರಿನಲ್ಲಿ ನೆನೆಸಿ ಸಕ್ಕರೆ ಇಳಿಸಿದ ಒಣಹುಲ್ಲನ್ನು ತಿಂದು ಬದುಕಿಕೊಂಡಳು. ಆ ವಾರಗಳಲ್ಲಿ ಪಕ್ಕದ ಹೊಲದ ಹಿರಿಯ ರೈತರೊಬ್ಬರು ಬೇಲಿಯ ಆಚೆ ನಿಂತು, "ಮದಾಂ, ನಿಮ್ಮ ಕುದುರೆಗೆ ನನ್ನ ಹಸುಗಳ ಊಟ ಬಡಿಸಿದ್ದೀರಿ, ಆ ಊಟವನ್ನು ಹಸುಗಳಿಗೇ ಕೊಡೋಣ" ಎಂದರು. ಅವರ ಹದಿನಾಲ್ಕು ಹಸುಗಳು ನಮ್ಮ ಹೊಲಕ್ಕೆ ಮೊದಲು ಬರುವುದು, ಎತ್ತರದ ರಸಭರಿತ ಹುಲ್ಲನ್ನು ತಿಂದು ಮುಗಿಸುವುದು, ಆಮೇಲೆ ಉಳಿದ ಒರಟು ಹುಲ್ಲಿಗೆ ನಮ್ಮ ಕುದುರೆಗಳು ಹೋಗುವುದು ಎಂಬ ಏರ್ಪಾಡು ಹೀಗೆ ಆರಂಭವಾಯಿತು. ಇದರಿಂದ ಇನ್ನೊಂದು ಲಾಭವೂ ಇದೆ. ಕುದುರೆಯ ಕರುಳಿನ ಹುಳುಗಳು ಲದ್ದಿಯ ಮೂಲಕ ಹುಲ್ಲಿಗೆ ಬಂದು, ಮತ್ತೆ ಕುದುರೆಯ ಹೊಟ್ಟೆ ಸೇರಿದರೆ ಮಾತ್ರ ಬೆಳೆಯುತ್ತವೆ, ಹಸುವಿನ ಹೊಟ್ಟೆ ಸೇರಿದರೆ ಸಾಯುತ್ತವೆ. ಹುಲ್ಲುಗಾವಲನ್ನು ಎರಡು ಜಾತಿಯ ಪ್ರಾಣಿಗಳು ಹಂಚಿಕೊಂಡರೆ ಔಷಧದ ಅವಶ್ಯಕತೆಯೇ ಕಡಿಮೆಯಾಗುತ್ತದೆ. ನಾವು ಈಗ ಹುಳುವಿನ ಔಷಧವನ್ನು ತಿಂಗಳ ಲೆಕ್ಕದಲ್ಲಿ ಕೊಡುವುದಿಲ್ಲ, ಲದ್ದಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಮೊಟ್ಟೆಗಳ ಎಣಿಕೆ ಬಂದ ಮೇಲೆ ಬೇಕಾದರೆ ಮಾತ್ರ ಕೊಡುತ್ತೇವೆ.

ಇಲ್ಲಿ ಕಾನೂನಿನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಮೂವರು ಹಳ್ಳಿಯ ಮನೆ ನೋಡುತ್ತಿದ್ದೀರೆಂದು ಕೇಳಿದ್ದೇನೆ. ಫ್ರಾನ್ಸಿನಲ್ಲಿ ಕೃಷಿ ನೆಲವನ್ನು ಮೇಯಿಸಲು ಬಿಟ್ಟು ಅದಕ್ಕೆ ಪ್ರತಿಯಾಗಿ ಹಣವನ್ನೋ ವಸ್ತುವನ್ನೋ ಪಡೆದರೆ, ಕಾಗದ ಪತ್ರ ಏನೂ ಇಲ್ಲದಿದ್ದರೂ ಅದು ಗ್ರಾಮೀಣ ಗೇಣಿಯಾಗಿಬಿಡಬಹುದು. ಆ ಗೇಣಿಯ ಅವಧಿ ಕನಿಷ್ಠ 9 ವರ್ಷ, ಗೇಣಿದಾರರಿಗೆ ಅದನ್ನು ನವೀಕರಿಸಿಕೊಳ್ಳುವ ಹಕ್ಕೂ ಇದೆ. ಈ ಕಾನೂನು ರೈತರನ್ನು ಕಾಪಾಡಲು ಬಂದದ್ದು, ಗೇಣಿದಾರರ ಹೋರಾಟವನ್ನು ಕಂಡ ಕರ್ನಾಟಕದವರಾದ ನಮಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ನಾಳೆ ಕುದುರೆಗೆ ಆ ನೆಲ ನಿಮಗೇ ಬೇಕಾದರೆ ಕಷ್ಟವಾಗುತ್ತದೆ. ಆದ್ದರಿಂದ ಉಚಿತ ಬಳಕೆಗೆ ಕೊಟ್ಟದ್ದು ಎಂದು ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ನಮ್ಮ ನೆರೆಯವರೇ ಆ ಕಾಗದವನ್ನು ಬರೆದು ತಂದರು. ಹಾಗೆಯೇ ಹಳ್ಳಿಯ ನೆಲ ಕೊಳ್ಳುವಾಗ ಸಫೇರ್ ಎಂಬ ಸಂಸ್ಥೆಗೆ ಮೊದಲ ಕೊಳ್ಳುವ ಹಕ್ಕು ಇರುತ್ತದೆ, ನೋಟರಿ ತಿಳಿಸಿದ ಮೇಲೆ ಎರಡು ತಿಂಗಳೊಳಗೆ ಅದು ತನ್ನ ನಿರ್ಧಾರ ಹೇಳಬೇಕು. ಕೃಷಿ ವಲಯದ ನೆಲದಲ್ಲಿ ಹವ್ಯಾಸಕ್ಕಾಗಿ ಕುದುರೆ ಸಾಕುವವರಿಗೆ ಹೊಸ ಲಾಯ ಕಟ್ಟಲು ಅನುಮತಿ ಸಿಗುವುದು ಕಷ್ಟ. ಹಳೆಯ ಕಣಜವೋ ಕೊಟ್ಟಿಗೆಯೋ ಇರುವ ಮನೆಯನ್ನೇ ಹುಡುಕಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೇರಿಗೆ, ಅಂದರೆ ಊರಿನ ಪಂಚಾಯಿತಿ ಕಚೇರಿಗೆ, ಹೋಗಿ ವಿಚಾರಿಸಿ.

ಉಳಿದ ಕಾಗದಪತ್ರಗಳು ಅಷ್ಟು ಭಯಪಡುವಂಥವಲ್ಲ. ಐಎಫ್‌ಸಿಇ ಎಂಬ ರಾಷ್ಟ್ರೀಯ ಅಶ್ವ ಸಂಸ್ಥೆಯಲ್ಲಿ ಕುದುರೆ ಇರುವ ಜಾಗವನ್ನು ನೋಂದಾಯಿಸಬೇಕು. ಗುರುತಿನ ಪುಸ್ತಕ ಮಾಲೀಕತ್ವಕ್ಕೆ ಸಾಕ್ಷಿಯಲ್ಲ, ಮಾಲೀಕತ್ವದ ಕಾರ್ಡು ಬೇರೆಯೇ ಇರುತ್ತದೆ, ಕೊಳ್ಳುವಾಗ ಅದನ್ನು ಕೇಳಿ ಪಡೆಯಿರಿ. 2022ರ ಡಿಸೆಂಬರ್ 31ರಿಂದ ವೃತ್ತಿಪರರಲ್ಲದ ಸಾಕಣೆದಾರರೆಲ್ಲರೂ ಕುದುರೆಯ ಅಗತ್ಯಗಳನ್ನು ತಿಳಿದಿದ್ದೇವೆ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಪ್ರಾಣಿ ಹಿಂಸೆಯ ವಿರುದ್ಧ 2021ರ ನವೆಂಬರಿನಲ್ಲಿ ಬಂದ ಕಾನೂನಿನ ಫಲ ಅದು. ನಾನು ಬಂದ ಕಾಲದಲ್ಲೇ ಅದು ಇದ್ದಿದ್ದರೆ ಕಪುಸಿನ್ ಆ ನೋವನ್ನು ಅನುಭವಿಸುತ್ತಿರಲಿಲ್ಲವೇನೋ ಎಂದು ಆಗಾಗ ಅಂದುಕೊಳ್ಳುತ್ತೇನೆ. ಕುದುರೆ ಬೇಲಿ ಹಾರಿ ರಸ್ತೆಗೆ ಹೋಗಿ ಅಪಘಾತವಾದರೆ ಹೊಣೆ ಮಾಲೀಕರದೇ ಆದ್ದರಿಂದ ವಿಮೆಯ ವಿಷಯದಲ್ಲಿ ಜಿಪುಣತನ ಬೇಡ.

ಮತ್ತೆ ಹುಲ್ಲಿಗೆ ಬರುತ್ತೇನೆ, ಈ ಬಾರಿ ಒಣಹುಲ್ಲಿಗೆ. ಕುದುರೆಯ ಜಠರ ಬಹಳ ಸಣ್ಣದು, ಅದು ವಾಂತಿ ಮಾಡಲಾರದು, ಹಗಲು ರಾತ್ರಿ ಸೇರಿ ಹದಿನೈದು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವೇ ಮೇಯುತ್ತಿರುವುದು ಅದರ ಪ್ರಕೃತಿ. ನಮ್ಮ ಊರುಗಳಲ್ಲಿ ಬೇಯಿಸಿದ ಹುರುಳಿಯನ್ನು ಹೊತ್ತಿಗೆ ಸರಿಯಾಗಿ ಇಡುತ್ತಿದ್ದದ್ದು ದುಡಿಯುವ ಜಟಕಾ ಕುದುರೆಗೆ, ದುಡಿಮೆಯಿಲ್ಲದ ಕುದುರೆಗೆ ಕಾಳಿಗಿಂತ ಹುಲ್ಲೇ ಮುಖ್ಯ. ಐನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಹತ್ತು ಕಿಲೋ ಒಣಹುಲ್ಲು ಬೇಕು. ನಮ್ಮ ಕಡೆ ನವೆಂಬರಿನಿಂದ ಏಪ್ರಿಲ್ ನಡುವಿನವರೆಗೆ ಹೊಲದಲ್ಲಿ ಏನೂ ಬೆಳೆಯುವುದಿಲ್ಲ. ಎರಡು ಕುದುರೆಗಳಿಗೆ ಲೆಕ್ಕ ಹಾಕಿದರೆ ಮೂರು ಟನ್ನಿಗೂ ಮಿಕ್ಕಿತು, ಕೆಸರಿನಲ್ಲಿ ತುಳಿದು ಹಾಳಾಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ನಾವು ಪ್ರತಿ ಚಳಿಗಾಲಕ್ಕೆ ದುಂಡು ಸುರುಳಿಗಳಲ್ಲಿ ಹದಿನಾರನ್ನು ಕಣಜದಲ್ಲಿ ಜೋಡಿಸಿಡುತ್ತೇವೆ, ಒಂದೊಂದೂ 250 ಕಿಲೋದ ಆಸುಪಾಸು.

ಜೂನ್ ತಿಂಗಳಲ್ಲಿ ಹುಲ್ಲು ಕೊಯ್ಯುವ ದಿನಗಳು ನನಗೆ ವರ್ಷದಲ್ಲೇ ಅತ್ಯಂತ ಪ್ರಿಯವಾದವು. ಹುಲ್ಲು ಹೂವಿಗೆ ಬಂದಿರಬೇಕು, ಮುಂದೆ ನಾಲ್ಕೈದು ದಿನ ಮಳೆ ಇರಬಾರದು. ಕೊಯ್ದ ಹುಲ್ಲನ್ನು ತಿರುವಿ ಹಾಕಿ ಒಣಗಿಸಿದ ಮೂರನೆಯ ದಿನ ನಮ್ಮ ನೆರೆಯವರು ಸಾಲಿನ ಅಡಿಯಿಂದ ಒಂದು ಹಿಡಿ ತೆಗೆದುಕೊಂಡು, ಒದ್ದೆ ಬಟ್ಟೆ ಹಿಂಡುವಂತೆ ಎರಡು ಕೈಯಲ್ಲಿ ತಿರುಚಿ, ಕಿವಿಯ ಹತ್ತಿರ ಹಿಡಿಯುತ್ತಾರೆ. ದಂಟು ಚಟಚಟನೆ ಮುರಿದರೆ ಸರಿ, ಮೌನವಾಗಿ ಬಾಗಿದರೆ ಇನ್ನೂ ಒಂದು ದಿನ. ಹಸಿಯಿದ್ದಾಗಲೇ ಸುತ್ತಿಟ್ಟ ಸುರುಳಿ ಒಳಗೊಳಗೇ ಕಾಯುತ್ತದೆ, ಬೂಷ್ಟು ಹಿಡಿದು ಕುದುರೆಯ ಉಸಿರಾಟ ಕೆಡಿಸುತ್ತದೆ, ಕೆಲವೊಮ್ಮೆ ಇಡೀ ಕಣಜಕ್ಕೇ ಬೆಂಕಿ ಹತ್ತುತ್ತದೆ. ಸುರುಳಿಗಳನ್ನು ಒಳಗಿಟ್ಟ ಮೇಲೆ ಎರಡು ಮೂರು ವಾರ, ರಾತ್ರಿ ಮಲಗುವ ಮುನ್ನ ಕಣಜಕ್ಕೆ ಹೋಗಿ ಪ್ರತಿಯೊಂದರ ಒಳಗೂ ಮೊಣಕೈವರೆಗೆ ಕೈ ತೂರಿಸಿ ಬಿಸಿಯನ್ನು ನೋಡುವುದು ನನ್ನ ಪಾಲಿನ ಕೆಲಸ. ಆ ವಾಸನೆಯನ್ನು ಹೇಗೆ ವರ್ಣಿಸಲಿ! ಸುಗ್ಗಿಯಲ್ಲಿ ರಾಗಿ ಬಣವೆಯ ಪಕ್ಕದಲ್ಲಿ ಮಲಗಿದವರಿಗೆ ಅದು ಗೊತ್ತಿರುತ್ತದೆ, ಇಲ್ಲಿ ಅದಕ್ಕೆ ಸ್ವಲ್ಪ ಜೇನಿನ ಘಮ ಸೇರಿರುತ್ತದೆ.

ಮರಗಳ ಬಗ್ಗೆಯೂ ಒಂದು ಮಾತು. ಮನೆ ನೋಡಲು ಹೋದಾಗ ಬೇಲಿಯ ಉದ್ದಕ್ಕೂ ನಡೆದು ಮರಗಳನ್ನು ಗುರುತು ಮಾಡಿಕೊಳ್ಳಿ. ಸ್ಮಶಾನಗಳ ಬಳಿ ನೆಡುವ ಯೂ ಮರದ ಕೆಲವು ಹಿಡಿ ಎಲೆಗಳು ಕುದುರೆಯನ್ನು ಕೊಲ್ಲಲು ಸಾಕು. ಸಿಕಮೋರ್ ಮೇಪಲ್ ಎಂಬ ಮರ ಇನ್ನೂ ಮೋಸದ್ದು, ನೋಡಲು ನೆರಳಿನ ಒಳ್ಳೆಯ ಮರ. ಶರತ್ಕಾಲದಲ್ಲಿ ರೆಕ್ಕೆಯುಳ್ಳ ಅದರ ಬೀಜಗಳು ಗಾಳಿಯಲ್ಲಿ ತಿರುಗುತ್ತ ಪಕ್ಕದ ಹೊಲದಿಂದಲೂ ಹಾರಿಬರುತ್ತವೆ, ವಸಂತದಲ್ಲಿ ಅವು ಮೊಳೆತು ಹುಲ್ಲಿನ ನಡುವೆ ಸಸಿಗಳಾಗುತ್ತವೆ. ಈ ಬೀಜ, ಸಸಿ ಎರಡರಲ್ಲೂ ಇರುವ ವಿಷ ಸ್ನಾಯುಗಳನ್ನು ನಾಶಮಾಡುತ್ತದೆ, ಅದಕ್ಕೆ ತುತ್ತಾದ ಕುದುರೆಗಳಲ್ಲಿ ಹೆಚ್ಚಿನವು ಎರಡು ಮೂರು ದಿನಗಳಲ್ಲೇ ಸಾಯುತ್ತವೆ. ನಮ್ಮ ಉತ್ತರದ ಬೇಲಿಯ ಬಳಿ ಅಂಥ ಒಂದು ಮರವಿದೆ. ಅದು ಇನ್ನೊಬ್ಬರ ನೆಲದಲ್ಲಿರುವುದರಿಂದ ನಾವು ಬೇಲಿಯನ್ನೇ ಇಪ್ಪತ್ತೈದು ಮೀಟರ್ ಒಳಕ್ಕೆ ಸರಿಸಿ, ಪ್ರತಿ ಅಕ್ಟೋಬರಿನಲ್ಲಿ ಗಾಳಿ ಬೀಸಿದ ಮರುದಿನ ಹೊಲದಲ್ಲಿ ಬಗ್ಗಿ ಬಕೆಟ್ಟಿಗೆ ಬೀಜ ಆಯುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಸವಾರಿಯ ಸುಖಕ್ಕೆ ಬರೋಣ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ನಮ್ಮ ಮನೆಗೆ ಬರುವ ಅತಿಥಿಗಳು ಪ್ರತಿ ಸಲವೂ ನಿಜ ಮಾಡುತ್ತಾರೆ. ಆದರೆ ಸವಾರಿ ಕಲಿಯಲು ಸ್ವಂತ ಕುದುರೆಯ ಅಗತ್ಯವಿಲ್ಲ. ಫ್ರಾನ್ಸಿನಲ್ಲಿ ಹಳ್ಳಿಹಳ್ಳಿಗೂ ಸವಾರಿ ಶಾಲೆಗಳಿವೆ, ಸವಾರಿ ಒಕ್ಕೂಟದ ಪರವಾನಗಿ ಪಡೆದವರೇ ಆರು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕಲಿಕೆಯನ್ನು ಗಾಲೊ ಎಂಬ ಏಳು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಎಂಟು ಒಂಬತ್ತು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು ಮೊದಲ ಗಾಲೊ ಪರೀಕ್ಷೆ ಕೊಟ್ಟೆ. ಅದರಲ್ಲಿ ಸವಾರಿಯಷ್ಟೇ ಅಲ್ಲ, ಕುದುರೆಯ ಬಳಿ ಹೇಗೆ ಹೋಗಬೇಕು, ಗೊರಸನ್ನು ಹೇಗೆ ಎತ್ತಿ ಶುಚಿ ಮಾಡಬೇಕು ಎಂಬುದನ್ನೂ ಕೇಳುತ್ತಾರೆ. ಸೋಮ್ಯೂರಿನ ಕಾದ್ರ್ ನ್ವಾರ್ ಸವಾರರಿಂದ ಹೆಸರಾದ ಫ್ರೆಂಚ್ ಸವಾರಿ ಪರಂಪರೆಯನ್ನು 2011ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಲವಂತವಿಲ್ಲದೆ ಕುದುರೆ ಮತ್ತು ಸವಾರರ ನಡುವೆ ಸಾಮರಸ್ಯ ಸಾಧಿಸುವುದು ಆ ಪರಂಪರೆಯ ತಿರುಳು, ಅದರ ಒಂದು ಎಳೆ ಹಳ್ಳಿಯ ಸಣ್ಣ ಶಾಲೆಯವರೆಗೂ ಇಳಿದುಬಂದಿರುವುದನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಆಸೆಯಿರುವವರು ಮೊದಲ ಒಂದು ವರ್ಷ ಇನ್ನೊಬ್ಬರ ಕುದುರೆಯ ಖರ್ಚಿನಲ್ಲಿ ಅರ್ಧ ಪಾಲು ಕೊಟ್ಟು ವಾರದಲ್ಲಿ ಎರಡು ಮೂರು ದಿನ ಅದನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ಜನವರಿಯ ಕೆಸರನ್ನು ಕಂಡ ಮೇಲೂ ಆಸೆ ಉಳಿದಿದ್ದರೆ ಆಗ ನೆಲವನ್ನು ಹುಡುಕಿ.

ನಮ್ಮ ಕಡೆ ಎತ್ತರದ ಎರಡು ದಿಬ್ಬಗಳ ನಡುವೆ ನೂರಾರು ವರ್ಷ ಗಾಡಿ ಓಡಾಡಿ ಆಳವಾದ ಹಾದಿಗಳಿವೆ. ಅಕ್ಟೋಬರಿನಲ್ಲಿ ಅವುಗಳ ತುಂಬ ಚೆಸ್ಟ್‌ನಟ್ ಕಾಯಿಗಳು ಉದುರಿರುತ್ತವೆ. ಲೂನಾ ಅವುಗಳನ್ನು ತುಳಿಯದಂತೆ ಹೆಜ್ಜೆ ಆರಿಸಿಕೊಂಡು ನಡೆಯುತ್ತಿದ್ದಳು. ದಾರಿ ಅಗಲವಾಗಿ ಬಯಲು ಸಿಕ್ಕಿದರೆ, ಕುಕ್ಕುಲೋಟದಿಂದ ನಾಗಾಲೋಟಕ್ಕೆ ಏರುವ ಮುನ್ನ ಅವಳ ಬೆನ್ನು ನನ್ನ ಕೆಳಗೆ ಒಮ್ಮೆ ಮೇಲೆದ್ದು ಬರುತ್ತಿತ್ತು. ಆ ಒಂದು ಕ್ಷಣದ ಭಾರವಿಲ್ಲದ ಭಾವಕ್ಕಾಗಿ ವಾರವಿಡೀ ಲದ್ದಿ ಎತ್ತಬಹುದು. ಗ್ರಾಮದ ಹಾದಿಗಳು ಕುದುರೆಗೂ ತೆರೆದಿರುತ್ತವೆ, ಹೊಲದ ನಡುವಿನ ಖಾಸಗಿ ದಾರಿಗಳಿಗೆ ಕೇಳಿಯೇ ಹೋಗಬೇಕು. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲವಾದ್ದರಿಂದ ಕುದುರೆಗೂ ನನಗೂ ಹೊಳೆಯುವ ಕಿತ್ತಳೆ ಬಣ್ಣದ ಕವಚವಿಲ್ಲದೆ ಕಾಡಿಗೆ ಕಾಲಿಡುವುದಿಲ್ಲ. ದೂರದ ಪ್ರಯಾಣದ ಆಸೆಯಿರುವವರಿಗೆ ಗ್ಯಾಸ್ಕನಿಯ ಲ್ಯೂಪಿಯಾಕ್ ಹಳ್ಳಿಯಿಂದ ನೆದರ್ಲೆಂಡಿನ ಮಾಸ್ಟ್ರಿಕ್ಟ್‌ವರೆಗೆ ‘ತ್ರೀ ಮಸ್ಕಟಿಯರ್ಸ್’ ಕಾದಂಬರಿಯಿಂದ ಹೆಸರಾದ ಯೋಧ ದಾರ್ತಾನ್ಯಾಂನ ಹೆಸರಿನ ಕುದುರೆ ಹಾದಿಯಿದೆ. ಅವನು ಹುಟ್ಟಿದ ನೆಲದಿಂದ 1673ರಲ್ಲಿ ಮಡಿದ ಜಾಗದವರೆಗೆ ಸಾಗುವ ಆ ಹಾದಿಯ ಒಂದು ವಾರದ ತುಣುಕನ್ನಾದರೂ ಕಪುಸಿನ್ ಜೊತೆ ನಡೆಯಬೇಕೆಂದು ಮನಸ್ಸಿನಲ್ಲಿದೆ.

ಪ್ರಶ್ನೋತ್ತರದಲ್ಲಿ ಒಬ್ಬರು, ಕುದುರೆಗೆ ವಯಸ್ಸಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ, ಕೊಳ್ಳುವ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಲೂನಾ 2023ರ ನವೆಂಬರಿನಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕರುಳು ತಿರುಚಿಕೊಂಡು ತೀರಿಹೋದಳು. ವೈದ್ಯರು ಸೂಜಿ ಕೊಡುವಾಗ ಅವಳ ತಲೆ ನನ್ನ ಮಡಿಲಿನಲ್ಲಿತ್ತು. ಈ ದೇಶದಲ್ಲಿ ಕುದುರೆಯನ್ನು ನಮ್ಮದೇ ನೆಲದಲ್ಲಿ ಹೂಳಲು ಕಾನೂನು ಬಿಡುವುದಿಲ್ಲ, ಸತ್ತ ದೊಡ್ಡ ಪ್ರಾಣಿಗಳನ್ನು ಒಯ್ಯಲು ಬೇರೆಯೇ ಲಾರಿ ಬರುತ್ತದೆ. ಮಣ್ಣು ಕೊಡುವ ಸಂಪ್ರದಾಯದಲ್ಲಿ ಬೆಳೆದ ನನಗೆ ಈ ನೆಲದಲ್ಲಿ ಅತ್ಯಂತ ಕಷ್ಟವಾದ ಸಂಗತಿ ಇದೇ. ಅವಳ ಬಾಲದಿಂದ ಒಂದು ಕುಚ್ಚು ಕೂದಲನ್ನು ಕತ್ತರಿಸಿ ತೆಗೆದಿಟ್ಟುಕೊಂಡೆ. ಲಾರಿ ಬಂದಾಗ ಪಕ್ಕದ ಮನೆಯ ಹಿರಿಯರು ನನ್ನನ್ನು ಒಳಗೆ ಕಳಿಸಿ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಾವೇ ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡಿಕೊಂಡರು. ಗುರುತಿನ ಪುಸ್ತಕವನ್ನೂ ಅವರೇ ಚಾಲಕರ ಕೈಗೆ ಕೊಟ್ಟರು.

ಕಪುಸಿನ್ ಮೂರು ದಿನ ಬೇಲಿಯ ಉದ್ದಕ್ಕೂ ಓಡಾಡಿ ಕೆನೆಯುತ್ತಲೇ ಇದ್ದಳು, ಹುಲ್ಲು ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಹಿರಿಯರು ತಮ್ಮ ಕೊಟ್ಟಿಗೆಯಲ್ಲಿದ್ದ ಬೂದು ಬಣ್ಣದ ಮುದಿ ಕತ್ತೆಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದರು.

"ಒಂಟಿಯಾಗಿ ಬಿಡಬಾರದು, ಮದಾಂ. ಇದರ ಪುಸ್ತಕವೂ ತಂದಿದ್ದೇನೆ."

ಕತ್ತೆಗಳು ತಾವು ಆರೋಗ್ಯವಾಗಿಯೇ ಇದ್ದು ಶ್ವಾಸಕೋಶದ ಹುಳುವನ್ನು ಕುದುರೆಗೆ ದಾಟಿಸುವುದುಂಟು. ಆದ್ದರಿಂದ ಲದ್ದಿಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ಅದನ್ನು ಎರಡು ಸಾಲು ಬೇಲಿಯ ಆಚೆ ಕಟ್ಟಿದೆವು. ಕಪುಸಿನ್ ಅಂದೇ ಸಂಜೆ, ಆ ಬೇಲಿಗೆ ಆದಷ್ಟು ಹತ್ತಿರ ನಿಂತು, ಹುಲ್ಲು ತಿನ್ನತೊಡಗಿದಳು.